ಹೊಗೆ ತಪಾಸಣೆಯ ಜೊತೆಗೆ ಟೇಲ್ ಲೈಟನ್ನೂ ನೋಡಲಿ

ಮಳೆಗಾಲದ ಮುಸ್ಸಂಜೆ ಶಿರಾಡಿ ಘಾಟಿಯಲ್ಲಿ ಮಂಜು ಕವಿದರೆ, ಮುಂದೆ ಹೋಗುವ ವಾಹನದ ಕೆಂಪು ದೀಪಗಳನ್ನು ನಂಬಿಕೊಂಡೇ ಹಿಂದಿನವರು ಸಾಗಬೇಕು. ಅವುಗಳಲ್ಲಿ ಒಂದು ಕೆಟ್ಟಿದ್ದರೆ ಕಾರು ಬೈಕಿನಂತೆ ಕಾಣುತ್ತದೆ. ಎರಡೂ ಕೆಟ್ಟಿದ್ದರೆ ಹತ್ತಿರಕ್ಕೆ ಬರುವ ತನಕ ಕಾಣುವುದೇ ಇಲ್ಲ. ಹೆಡ್‌ಲೈಟ್ ಹೋದರೆ ಚಾಲಕ ಮರುದಿನವೇ ಗ್ಯಾರೇಜಿಗೆ ಓಡುತ್ತಾನೆ. ಟೇಲ್ ಲೈಟ್ ಹೋದದ್ದು ಅವನಿಗೆ ತಿಂಗಳುಗಟ್ಟಲೆ ಗೊತ್ತೇ ಆಗದಿರಬಹುದು.

ಈ ದೀಪದ ಮಹತ್ವಕ್ಕೆ ಲೆಕ್ಕವಿದೆ. ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಹಿಂಬದಿಯ ಗಾಜಿನ ಮಟ್ಟದಲ್ಲಿ ಮೂರನೆಯ ಬ್ರೇಕ್ ಲೈಟ್ ಕಡ್ಡಾಯವಾಯಿತು. ಹಿಂದಿನಿಂದ ಗುದ್ದುವ ಅಪಘಾತಗಳು ಅದರಿಂದ ಶೇ 4.3ರಷ್ಟು ತಗ್ಗಿದವೆಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 1998ರಲ್ಲಿ ಅಂದಾಜಿಸಿತು. ಸೇರಿಸಿದ್ದು ಒಂದೇ ಒಂದು ದೀಪ.

ದುರಸ್ತಿಯೂ ದೊಡ್ಡದೇನಲ್ಲ. ಹಲವು ಕಾರುಗಳಲ್ಲಿ ಟೇಲ್ ಲೈಟ್‌ಗೂ ಬ್ರೇಕ್ ಲೈಟ್‌ಗೂ ಒಂದೇ ಬಲ್ಬು ಇರುತ್ತದೆ, ಒಳಗೆ ಎರಡು ಫಿಲಮೆಂಟ್: 5 ವ್ಯಾಟಿನದು ಟೇಲ್‌ಗೆ, 21 ವ್ಯಾಟಿನದು ಬ್ರೇಕ್‌ಗೆ. ಅದರ ಬುಡದ ಎರಡು ಪಿನ್ನುಗಳು ಬೇರೆ ಬೇರೆ ಎತ್ತರದಲ್ಲಿರುವುದು ಬಲ್ಬು ತಿರುವುಮುರುವಾಗಿ ಕೂರದಿರಲೆಂದೇ. ಬಲವಂತವಾಗಿ ತುರುಕಿದರೆ ಟೇಲ್ ಲೈಟೇ ಬ್ರೇಕ್ ಲೈಟಿನಷ್ಟು ಪ್ರಖರವಾಗಿ ಉರಿಯುತ್ತದೆ. ಕಾರು ನಿಧಾನವಾಗುತ್ತಿರುವ ಸುಳಿವು ಹಿಂದಿನವನಿಗೆ ಸಿಗುವುದಿಲ್ಲ.

ಹೊಸ ಬಲ್ಬು ಹಾಕಿದರೂ ದೀಪ ಮಂಕಾಗಿದ್ದರೆ ಹೋಲ್ಡರ್ ನೋಡಬೇಕು. ಲೈಟಿನೊಳಗೆ ನೀರಿಳಿದು ಲೋಹದ ತುಂಡುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಅರ್ಥಿಂಗ್ ಸಡಿಲವಾಗಿರುತ್ತದೆ. ಬ್ರೇಕ್ ತುಳಿದಾಗ ಇಂಡಿಕೇಟರ್ ಕೂಡ ಮಿಣುಕಿದರೆ ಬಹುಪಾಲು ಅರ್ಥಿಂಗಿನದೇ ದೋಷ. ಎಮರಿ ಪೇಪರಿನಲ್ಲಿ ಉಜ್ಜಿ ತಂತಿ ಬಿಗಿ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಕೆಲವು ಕಾರುಗಳಲ್ಲಿ ಬಲ್ಬು ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಮೂಡುತ್ತದೆ. ಕಾರಿನ ಕಂಪ್ಯೂಟರು ಬಲ್ಬಿಗೆ ಹರಿಯುವ ಕರೆಂಟನ್ನು ಅಳೆಯುತ್ತದೆ. 12 ವೋಲ್ಟಿನಲ್ಲಿ 21 ವ್ಯಾಟಿನ ಬಲ್ಬು ಸುಮಾರು 1.75 ಆಂಪಿಯರ್ ಎಳೆಯಬೇಕು. ಅಂದಕ್ಕೆಂದು ಎಲ್‌ಇಡಿ ಹಾಕಿಸಿದರೆ ಅದು ಬಹಳ ಕಡಿಮೆ ಎಳೆಯುತ್ತದೆ, ಬಲ್ಬು ಸುಟ್ಟಿದೆಯೆಂದೇ ಕಂಪ್ಯೂಟರು ತಿಳಿಯುತ್ತದೆ. ಆಗ ಎಚ್ಚರಿಕೆಯ ಬಾಯಿ ಮುಚ್ಚಿಸಲು ಅಂಗಡಿಯವರು ತಂತಿಗೆ ರೆಸಿಸ್ಟರ್ ಜೋಡಿಸಿ ಕೊಡುತ್ತಾರೆ. ಕೈ ಸುಡುವಷ್ಟು ಕಾಯುವ ಈ ರೆಸಿಸ್ಟರ್ ಪಕ್ಕದ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಅದಕ್ಕಿಂತ ಕೆಟ್ಟದ್ದೆಂದರೆ, ನಾಳೆ ಎಲ್‌ಇಡಿ ನಿಜವಾಗಿಯೂ ಸತ್ತರೂ ಕಾರು ಬಾಯಿಬಿಡುವುದಿಲ್ಲ. ಕಾಸು ಕೊಟ್ಟು ಕಾವಲುಗಾರನನ್ನು ಮಲಗಿಸುವ ಈ ಕೆಲಸ ನಿಲ್ಲಬೇಕು.

ಆದರೆ ನಮ್ಮ ರಸ್ತೆಯ ಬಹಳಷ್ಟು ಕಾರುಗಳಲ್ಲಿ ಇಂಥ ಎಚ್ಚರಿಕೆಯೇ ಇಲ್ಲ. ಹಾಗಾದರೆ ನೋಡುವವರು ಯಾರು? ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಖಾಸಗಿ ಕಾರಿನ ನೋಂದಣಿ ಮಾತ್ರ 15 ವರ್ಷಕ್ಕೆ. ನವೀಕರಣದ ದಿನ ಬರುವ ತನಕ ಅದರ ದೀಪಗಳನ್ನು ಕಡ್ಡಾಯವಾಗಿ ಪರೀಕ್ಷಿಸುವ ವ್ಯವಸ್ಥೆ ಇಲ್ಲ. ಹೊಗೆ ತಪಾಸಣೆ ಕೇಂದ್ರದವರು ಸೈಲೆನ್ಸರಿಗೆ ನಳಿಗೆ ತೂರಿಸಿ, ನಂಬರ್ ಪ್ಲೇಟಿನ ಫೋಟೊ ತೆಗೆದು ಚೀಟಿ ಕೊಡುತ್ತಾರೆ. ಗೇಣು ದೂರದಲ್ಲಿರುವ ದೀಪ ಉರಿಯುತ್ತದೆಯೇ ಎಂದು ಕೇಳುವುದು ಅವರ ಕೆಲಸವಲ್ಲ.

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ನಡೆಯುವ ಪರೀಕ್ಷೆಯಲ್ಲಿ ದೀಪಗಳನ್ನೂ ನೋಡುತ್ತಾರೆ. ಜರ್ಮನಿಯಲ್ಲಿ 1956ರಿಂದ ಪ್ರತಿ ಅಕ್ಟೋಬರಿನಲ್ಲಿ, ಚಳಿಗಾಲದ ಕತ್ತಲು ಕವಿಯುವ ಮುನ್ನ, ಗ್ಯಾರೇಜುಗಳು ಉಚಿತವಾಗಿ ದೀಪ ಪರೀಕ್ಷಿಸಿ ಗಾಜಿಗೆ ಸ್ಟಿಕರ್ ಅಂಟಿಸುತ್ತವೆ.

ಕರ್ನಾಟಕಕ್ಕೆ ಇದು ಅಸಾಧ್ಯವೇ? ಮುಂಗಾರು ಶುರುವಾಗುವ ಮುನ್ನ, ಮೇ ತಿಂಗಳಲ್ಲಿ, ಸಾರಿಗೆ ಇಲಾಖೆ ಗ್ಯಾರೇಜುಗಳನ್ನು ಸೇರಿಸಿಕೊಂಡು ಉಚಿತ ದೀಪ ಪರೀಕ್ಷೆ ನಡೆಸಲಿ. ಹೊಗೆ ತಪಾಸಣೆಯ ಚೀಟಿಯಲ್ಲಿ ಟೇಲ್, ಬ್ರೇಕ್, ಇಂಡಿಕೇಟರ್ ಎಂಬ ಮೂರು ಕಲಮುಗಳನ್ನು ಸೇರಿಸಲಿ. ಚಾಲಕ ಬ್ರೇಕ್ ತುಳಿಯಬೇಕು, ತಪಾಸಣೆಯವನು ಹಿಂದೆ ನಿಂತು ನೋಡಬೇಕು. ಒಂದು ನಿಮಿಷವೂ ಬೇಡ. ದೀಪ ಕೆಟ್ಟಿದ್ದರೆ ಮೊದಲ ಸಲಕ್ಕೆ ದಂಡ ಬೇಡ, ಸರಿಪಡಿಸಿ ತೋರಿಸಲು ಒಂದು ವಾರದ ಗಡುವು ಸಾಕು.