ರಸಾಯನಶಾಸ್ತ್ರದ ಪದವಿ ವ್ಯಾಸಂಗ ಮತ್ತು ಪ್ರೌಢಶಾಲೆಯ ಪ್ರಯೋಗಶಾಲೆ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಅಜ್ಜಂಪುರ ಮತ್ತು ಸುತ್ತಣ ಹಳ್ಳಿಗಳಲ್ಲಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ ಎದುರಾಗುವ ಮೊದಲ ಪ್ರಶ್ನೆ ವೈದ್ಯಕೀಯವೋ ಇಂಜಿನಿಯರಿಂಗೋ ಎಂಬುದು. ಎರಡರಲ್ಲಿಯೂ ಸೀಟು ದೊರೆಯದಿದ್ದಲ್ಲಿ 'ಬಿ.ಎಸ್ಸಿ.ಗಾದರೂ ಸೇರಲಿ' ಎಂಬ ಹಿರಿಯರ ಮಾತಿನೊಡನೆ ವಿದ್ಯಾರ್ಥಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುತ್ತಾನೆ. ಆ 'ಆದರೂ' ಎಂಬ ಮೂರಕ್ಷರಗಳಲ್ಲಿ ಅಡಗಿರುವ ಉದಾಸೀನವೇ ಮೂಲವಿಜ್ಞಾನಗಳ ವ್ಯಾಸಂಗಕ್ಕೆ ತಗುಲಿರುವ ದೊಡ್ಡ ರೋಗ. ರಸಾಯನಶಾಸ್ತ್ರದ ಮಟ್ಟಿಗಂತೂ ಈ ಉದಾಸೀನ ಎಷ್ಟು ಅನುಚಿತವಾದುದೆಂಬುದನ್ನೂ, ಅದರ ಪರಿಹಾರದಲ್ಲಿ ಪ್ರೌಢಶಾಲೆಯೊಂದರ ಪಾಲೇನೆಂಬುದನ್ನೂ ವಿಚಾರ ಮಾಡುವುದು ಇಂತಹ ಸಂಚಿಕೆಯಲ್ಲಿ ಅಪ್ರಸ್ತುತವಾಗಲಾರದು.

ರಸಾಯನಶಾಸ್ತ್ರಕ್ಕೂ ಈ ನಾಡಿಗೂ ಇರುವ ನಂಟು ಹಳೆಯದು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ 1916ನೆಯ ಇಸವಿಯಲ್ಲಿಯೇ ಮೈಸೂರು ಸಂಸ್ಥಾನ ಶ್ರೀಗಂಧದ ಎಣ್ಣೆಯ ತಯಾರಿಕೆಗೆ ಕೈಹಾಕಿತು. ಅದುವರೆಗೆ ಮರವಾಗಿಯೇ ಹೊರದೇಶಗಳಿಗೆ ಹೋಗುತ್ತಿದ್ದ ಶ್ರೀಗಂಧ ಮೊದಲನೆಯ ಮಹಾಯುದ್ಧದ ದೆಸೆಯಿಂದ ಮಾರಾಟವಾಗದೆ ಉಳಿದಾಗ, ಎಣ್ಣೆ ತೆಗೆಯುವ ವಿಧಾನವನ್ನು ಸಿದ್ಧಪಡಿಸಲು ನೆರವಾದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿಗಳು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನು ಒದಗಿಸಿದುದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಬೆಟ್ಟ. ಮಲೆನಾಡಿನ ಸೌದೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಬರುವ ಹೊಗೆಯನ್ನೂ ಅಲ್ಲಿ ವ್ಯರ್ಥವಾಗಗೊಡದೆ, ತಣಿಸಿ, ಅದರಿಂದ ಮೀಥೈಲ್ ಆಲ್ಕೊಹಾಲ್, ಅಸಿಟೇಟ್ ಲವಣ, ಟಾರು ಮುಂತಾದ ಪದಾರ್ಥಗಳನ್ನು ಪಡೆಯಲಾಗುತ್ತಿತ್ತು. ರಸಾಯನಶಾಸ್ತ್ರ ಬಲ್ಲವರಿಗೆ ಹೊಗೆಯೂ ಸಂಪತ್ತೆಂಬುದನ್ನು ಈ ಸೀಮೆ ನೂರು ವರ್ಷಗಳ ಹಿಂದೆಯೇ ಕಂಡಿತ್ತು.

ಇಂದಿನ ಅಗತ್ಯವಾದರೋ ಇನ್ನೂ ಹತ್ತಿರದ್ದು. ಅಮೃತಮಹಲ್ ರಾಸುಗಳಿಗೂ ಈರುಳ್ಳಿಗೂ ಹೆಸರಾದ ಅಜ್ಜಂಪುರದ ಬಯಲಿನಲ್ಲಿ ಒಕ್ಕಲಿಗನ ಬದುಕಿನ ಒಂದೊಂದು ಪ್ರಶ್ನೆಯೂ ಕೊನೆಗೆ ರಸಾಯನಶಾಸ್ತ್ರದ ಪ್ರಶ್ನೆಯೇ. ಈರುಳ್ಳಿಯ ಖಾರಕ್ಕೂ, ಹೆಚ್ಚುವವರ ಕಣ್ಣೀರಿಗೂ ಕಾರಣ ಅದರಲ್ಲಿರುವ ಗಂಧಕದ ಸಂಯುಕ್ತಗಳು. ಮಣ್ಣಿನಲ್ಲಿ ಗಂಧಕ ಕಡಿಮೆಯಾದರೆ ಖಾರವೂ ಕುಗ್ಗುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಮೊದಲಾದ 12 ಅಂಶಗಳನ್ನು ಅಳೆಯಬೇಕಾಗುತ್ತದೆ. ಆ ಚೀಟಿ ಮನೆಗೆ ಬಂದಾಗ ಅದನ್ನು ಓದಿ ಅರ್ಥ ಹೇಳಬಲ್ಲವರು ಊರಿಗೆ ಎಷ್ಟು ಮಂದಿ? ಕೊಳವೆಬಾವಿಯ ನೀರಿನದೂ ಇದೇ ಕಥೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದು, ಬೇರೆ ನೀರು ದೊರೆಯದೆಡೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಈ ಅರ್ಧ ಮಿಲಿಗ್ರಾಮಿನ ಅಂತರವನ್ನು ನಾಲಿಗೆ ಗುರುತಿಸಲಾರದು, ಪ್ರಯೋಗಶಾಲೆ ಗುರುತಿಸಬಲ್ಲದು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಬಳಿಯಲ್ಲಿಯೇ ಕೊರೆಯಲ್ಪಟ್ಟಿದೆ. ಕಪ್ಪು ಭೂಮಿಗೆ ಕಾಲುವೆಯ ನೀರು ಮಿತಿಮೀರಿ ಹರಿದಲ್ಲಿ ಸವಳು ಮೇಲೇಳುವುದು ತುಂಗಭದ್ರಾ ಅಚ್ಚುಕಟ್ಟಿನ ರೈತರು ಕಷ್ಟಪಟ್ಟು ಕಲಿತ ಪಾಠ. ನೀರು ಬರುವ ಮುನ್ನವೇ ಮಣ್ಣನ್ನು ಬಲ್ಲವರು ಸಿದ್ಧರಿರುವುದು ಲೇಸು.

ಇಷ್ಟೆಲ್ಲ ಪ್ರಯೋಜನವಿರುವ ವ್ಯಾಸಂಗವನ್ನು ಆರಿಸಿಕೊಂಡ ಗ್ರಾಮಾಂತರ ವಿದ್ಯಾರ್ಥಿ ಎಡವುವುದು ಎಲ್ಲಿ? ಬುದ್ಧಿಯಲ್ಲಿ ಅವನಿಗೆ ಕೊರತೆಯಿಲ್ಲ. ರಸಾಯನಶಾಸ್ತ್ರ ಕೈಯಿಂದ ಕಲಿಯಬೇಕಾದ ವಿದ್ಯೆ. ಆ ಕೈಗೆ ಅಭ್ಯಾಸವಿಲ್ಲದಿರುವುದೇ ಅವನ ತೊಡಕು. ನೀರಿನ ಗಡಸುತನವನ್ನು ಅಳೆಯುವ ಸಾಮಾನ್ಯ ಪ್ರಯೋಗವನ್ನೇ ತೆಗೆದುಕೊಳ್ಳಬಹುದು. ಪಿಪೆಟ್ಟಿನಿಂದ ನೀರನ್ನು ಅಳೆದು ಹಾಕಿ, ಸೂಚಕವನ್ನು ಬೆರೆಸಿ, ಬ್ಯೂರೆಟ್ಟಿನಿಂದ ಇ.ಡಿ.ಟಿ.ಎ. ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ, ದ್ರಾಕ್ಷಾರಸದಂತಹ ಕೆಂಪು ಬಣ್ಣ ಒಂದು ಹನಿಯ ಅಂತರದಲ್ಲಿ ನೀಲಿಗೆ ತಿರುಗುತ್ತದೆ. ಆ ಹನಿಯಲ್ಲಿ ಕೈಯನ್ನು ತಡೆಯಬೇಕು. ಎರಡು ಬಾರಿ ಮಾಡಿದ ಅಳತೆ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಮೂರನೆಯ ಬಾರಿ ಮಾಡಬೇಕು. ಬಂದ ಅಂಕಿಯನ್ನು ಬಂದಂತೆಯೇ ಬರೆಯಬೇಕು. ನೆರೆಯವನ ಪುಸ್ತಕ ನೋಡಿ ಅಂಕಿ ತುಂಬಿದವನು ಪ್ರಾಯೋಗಿಕ ಪರೀಕ್ಷೆಯಲ್ಲಿ ಉತ್ತೀರ್ಣನಾದಾನು, ರಸಾಯನಶಾಸ್ತ್ರಜ್ಞನಾಗಲಾರ. ಈ ತಾಳ್ಮೆಯೂ ಪ್ರಾಮಾಣಿಕತೆಯೂ ಮೂರು ವರ್ಷಗಳ ಪದವಿಯಲ್ಲಿ ಹಠಾತ್ತನೆ ಬರುವಂತಹವಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಪ್ರನಾಳವನ್ನು ಕೈಯಲ್ಲಿ ಹಿಡಿಯದವರು ಹದಿನೆಂಟರಲ್ಲಿ ಬ್ಯೂರೆಟ್ಟಿನ ಮುಂದೆ ನಿಂತಾಗ ನಡುಗುವುದು ಸಹಜ.

ಎರಡನೆಯ ತೊಡಕು ಭಾಷೆಯದು. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಆಮ್ಲ, ಪ್ರತ್ಯಾಮ್ಲ, ಉತ್ಕರ್ಷಣ, ಅಪಕರ್ಷಣ ಎಂಬ ಪದಗಳು ಚೆನ್ನಾಗಿ ಗೊತ್ತು. ಅದೇ ವಿಷಯ ಆಸಿಡ್, ಬೇಸ್, ಆಕ್ಸಿಡೇಷನ್, ರಿಡಕ್ಷನ್ ಎಂಬ ವೇಷದಲ್ಲಿ ಎದುರಾದಾಗ ಬಲ್ಲದ್ದೂ ಅಪರಿಚಿತವಾಗಿ ತೋರುತ್ತದೆ. ಬೀರೂರು ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಶಿವಮೊಗ್ಗೆಗೋ, ಬಸ್ಸು ಹಿಡಿದು ಚಿಕ್ಕಮಗಳೂರಿಗೋ ಹೋಗುವ ಮೊದಲ ವರ್ಷದ ಬಾಲಕ ಬಾಲಕಿಯರು ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವುದು ಇದೇ ಕಾರಣದಿಂದ. ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರಂತಹವರು ವಿಜ್ಞಾನವನ್ನು ಕನ್ನಡದಲ್ಲಿ ತಿಳಿಯಾಗಿ ಬರೆಯಬಹುದೆಂದು ತೋರಿಸಿಕೊಟ್ಟಿದ್ದಾರೆ. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಆ ದಾರಿಯಲ್ಲಿ ದುಡಿದಿದೆ. ಹತ್ತನೆಯ ತರಗತಿಯಲ್ಲಿಯೇ ಎರಡೂ ಭಾಷೆಯ ಪದಗಳನ್ನು ಜೊತೆಜೊತೆಯಾಗಿ ಹೇಳಿಕೊಡುವ ಅಧ್ಯಾಪಕರಿದ್ದರೆ ಈ ಗೋಡೆ ಅರ್ಧ ಉರುಳಿದಂತೆಯೇ.

ಉದ್ಯೋಗದ ಮಾತನ್ನು ಮರೆಮಾಚುವುದು ಸರಿಯಲ್ಲ. ಬರಿಯ ಬಿ.ಎಸ್ಸಿ. ಪದವಿಯಿಂದ ದೊರೆಯುವ ವರಮಾನ ಸಾಧಾರಣವಾದುದು. ನಿಯಮಗಳೂ ಮೇಲಿಂದ ಮೇಲೆ ಬದಲಾಗಿ ತಂದೆತಾಯಿಗಳನ್ನು ಗೊಂದಲಕ್ಕೀಡುಮಾಡಿವೆ: 2021-22ರಲ್ಲಿ ನಾಲ್ಕು ವರ್ಷದ ಪದವಿ ರಾಜ್ಯದಲ್ಲಿ ಜಾರಿಗೆ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಆದರೆ ಪದವಿಯನ್ನು ಗಟ್ಟಿಯಾಗಿ ಮುಗಿಸಿದವರಿಗೆ ದಾರಿಗಳು ಮುಚ್ಚಿಲ್ಲ. ಬಿ.ಎಡ್. ಮಾಡಿ ಅಧ್ಯಾಪಕರಾಗಬಹುದು; ಔಷಧ ಕಾರ್ಖಾನೆ, ಆಹಾರ, ಮಣ್ಣು, ನೀರುಗಳ ಪರೀಕ್ಷಾಲಯಗಳಲ್ಲಿ ಕೆಲಸವುಂಟು; ಕುವೆಂಪು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಗಳು ಶಂಕರಘಟ್ಟದಲ್ಲಿಯೇ ಇವೆ; ಜಾಮ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಐ.ಐ.ಟಿ.ಗಳ ಬಾಗಿಲೂ ತೆರೆದಿದೆ. ಭಾರತರತ್ನ ಸಿ.ಎನ್.ಆರ್. ರಾಯರು 1951ರಲ್ಲಿ ಪಡೆದುದೂ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವಿಯನ್ನೇ. ಎಲ್ಲರೂ ಅಂತಹ ಎತ್ತರಕ್ಕೆ ಏರಲಾರರು, ನಿಜ. ಆದರೆ ಆ ಎತ್ತರಕ್ಕೆ ಮೊದಲ ಮೆಟ್ಟಿಲಾದುದು ಈ ಪದವಿಯೇ ಎಂಬುದನ್ನು ಮರೆಯಬಾರದು.

ಹಾಗಾದರೆ ಆಗಬೇಕಾದುದೇನು? ಅಧ್ಯಾಪಕವೃಂದದ ಹೊಣೆ ಸ್ಪಷ್ಟವಾಗಿದೆ: ಪ್ರಯೋಗವನ್ನು ಹಲಗೆಯ ಮೇಲೆ ಬರೆದು ಮುಗಿಸದೆ, ಎಂಟನೆಯ ತರಗತಿಯಿಂದಲೇ ಪ್ರತಿಯೊಂದು ಮಗುವಿನ ಕೈಯಿಂದಲೂ ಮಾಡಿಸುವುದು. ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನವಾದರೂ ಬಂದು, ತಾವು ಪಡೆದ ವಿದ್ಯೆಯ ದಾರಿಯನ್ನೂ ಅದರ ಕಷ್ಟವನ್ನೂ ಕಿರಿಯರಿಗೆ ತಿಳಿಸಿ ಹೋಗಬಹುದು. ದಾನಿಗಳ ಪಾಲು ಇವೆರಡಕ್ಕಿಂತಲೂ ಸೂಕ್ಷ್ಮವಾದುದು. ಕೊಠಡಿ, ಮಹಾದ್ವಾರ, ರಂಗಮಂದಿರಗಳಿಗೆ ಕೊಟ್ಟ ಹಣ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ. ಅಂತಹ ಔದಾರ್ಯದಿಂದಲೇ ಗ್ರಾಮಾಂತರದ ಅದೆಷ್ಟೋ ಶಾಲೆಗಳು ಎದ್ದು ನಿಂತಿವೆಯೆಂಬುದು ಕೃತಜ್ಞತೆಯಿಂದ ನೆನೆಯತಕ್ಕ ವಿಷಯ. ಆದರೆ ಆಮ್ಲ ಖರ್ಚಾಗುತ್ತದೆ, ಪ್ರನಾಳ ಒಡೆಯುತ್ತದೆ, ಸೂಚಕ ಹಳೆಯದಾಗುತ್ತದೆ. ಇವುಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆದುದರಿಂದಲೇ ಇವಕ್ಕೆ ಹಣ ಒದಗುವುದು ವಿರಳ. ಕಟ್ಟಡಕ್ಕೆ ಒಮ್ಮೆ ಕೊಡುವ ಮೊತ್ತದ ಒಂದಂಶವನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯನ್ನು ಪ್ರತಿ ವರ್ಷದ ಪ್ರಯೋಗಸಾಮಗ್ರಿಗೂ, ಪದವಿಗೆ ಸೇರುವ ಬಡ ವಿದ್ಯಾರ್ಥಿಗಳ ಪ್ರಯಾಣವೆಚ್ಚಕ್ಕೂ ಮೀಸಲಿಡುವುದಾದರೆ ಅದಕ್ಕಿಂತ ಫಲವತ್ತಾದ ದಾನ ಬೇರೊಂದಿಲ್ಲ.

ಅಂತಹ ಶಾಲೆಯಿಂದ ಹೊರಟ ಹುಡುಗನೋ ಹುಡುಗಿಯೋ ಮುಂದೊಂದು ದಿನ ತನ್ನೂರಿನ ಕೊಳವೆಬಾವಿಯ ನೀರನ್ನು ತಾನೇ ಅಳೆದು, ಇದನ್ನು ಕುಡಿಯಬಹುದು, ಇದನ್ನು ಕುಡಿಯಬಾರದು ಎಂದು ಧೈರ್ಯವಾಗಿ ಹೇಳಬಲ್ಲರು. 'ಬಿ.ಎಸ್ಸಿ.ಗಾದರೂ' ಎಂಬ ಮಾತು ಆಗ 'ಬಿ.ಎಸ್ಸಿ.ಗೇ' ಎಂದಾದೀತು. ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಒಂದುಗೂಡಿ ಮನಸ್ಸು ಮಾಡಿದರೆ ಆ ದಿನ ದೂರವಿಲ್ಲ.