ಮೆಣಸಿನಕಾಯಿಯಲ್ಲಿ ಉಳಿಯುವ ವಿಷಾಂಶವೂ ಅದರ ಪರೀಕ್ಷೆಯೂ

ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದಂದಿನಿಂದ ಸುರಪುರ, ಶಹಾಪುರ ತಾಲ್ಲೂಕುಗಳ ಎರೆಭೂಮಿಯಲ್ಲಿ ಭತ್ತ, ಹತ್ತಿಗಳೊಡನೆ ಮೆಣಸಿನಕಾಯಿಯೂ ಮುಖ್ಯ ಪೀಕಾಗಿರುವುದನ್ನು ಊರ ಗೌಡರೂ ಜಮೀನುದಾರರೂ ಬಲ್ಲರು. 2021ರಿಂದೀಚೆಗೆ ಕಪ್ಪು ಥ್ರಿಪ್ಸ್ ಎಂಬ ಹುಳವು ಹೂವಿನೊಳಗೆ ಸೇರಿ ಹಾವಳಿಮಾಡಲು, ಗಾಬರಿಗೊಂಡ ರೈತರು ಔಷಧದ ಮೇಲೆ ಔಷಧವನ್ನು ಸಿಂಪಡಿಸತೊಡಗಿದರು. ಹುಳವು ಸತ್ತರೂ ಸಾಯದಿದ್ದರೂ ಔಷಧದ ಅಂಶವು ಕಾಯಿಯಲ್ಲಿ ನಿಲ್ಲುವುದುಂಟು. ಕಾಯಿ ಒಣಗಿ ತೂಕ ಇಳಿದಂತೆಲ್ಲ ಅದರ ಪ್ರಮಾಣವು ಏರುವುದೂ ಉಂಟು.

ಇದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಇದನ್ನು ಕಂಡುಹಿಡಿಯತಕ್ಕ ಯಂತ್ರದಲ್ಲಿ ಎರಡು ಅಂಗಗಳಿವೆ. ರುಷ್ಯ ದೇಶದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆತ್ ಎಂಬವನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಯಬಿಟ್ಟು, ಹಸುರು ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟೆಗಳಾಗಿ ನಿಲ್ಲುವುದನ್ನು ಕಂಡನು. ಲಿಕ್ವಿಡ್ ಕ್ರೊಮಟೋಗ್ರಫಿಯೆಂಬ ಮೊದಲನೆಯ ಅಂಗವು ಅದೇ ತತ್ತ್ವದಿಂದ ಮೆಣಸಿನಕಾಯಿಯ ಸತ್ತ್ವದೊಳಗಿನ ವಸ್ತುಗಳನ್ನು ಬಿಡಿಸುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಎರಡನೆಯದು ಬಿಡಿಸಿ ಬಂದ ಅಣುಗಳಿಗೆ ವಿದ್ಯುತ್ತನ್ನು ಕೊಟ್ಟು, ಅವುಗಳ ತೂಕದಿಂದ ಇಂಥದೇ ಔಷಧವೆಂದು ಗುರುತಿಸುತ್ತದೆ. ಕಣದಲ್ಲಿ ತೂರಿದ ಮೇಲೆ ತಕ್ಕಡಿಗೆ ಹಾಕುವ ಕ್ರಮವೇ ಇದು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಇಂಥ ಶೇಷಾಂಶಗಳ ಪರೀಕ್ಷಾಲಯವಿದೆ.

ಯೂರೋಪಿನ ದೇಶಗಳಲ್ಲಿ ಪ್ರತ್ಯೇಕ ಮಿತಿಯನ್ನು ಗೊತ್ತುಮಾಡದ ಔಷಧಗಳಿಗೆ ಕಿಲೋ ಒಂದಕ್ಕೆ 0.01 ಮಿಲಿಗ್ರಾಂ ಎಂಬ ಮಿತಿಯಿದೆ. ಎಂದರೆ ಸಾವಿರ ಕ್ವಿಂಟಾಲಿನಲ್ಲಿ ಒಂದು ಗ್ರಾಂ! ಇಷ್ಟು ಸೂಕ್ಷ್ಮವಾದ ಯಂತ್ರವೂ ತನ್ನ ಮುಂದಿಟ್ಟ ಹಿಡಿಯನ್ನು ಮಾತ್ರವೇ ಪರೀಕ್ಷಿಸಬಲ್ಲುದು. ಒಂದೇ ಚೀಲದ ಬಾಯಿಯಿಂದ ಹಿಡಿ ಕಾಯಿ ತೆಗೆದು ಕಳುಹಿಸಿದವನಿಗೆ ಆ ಹಿಡಿಯ ಸುದ್ದಿ ಬರುವುದೇ ಹೊರತು ರಾಶಿಯ ಸುದ್ದಿ ಬರಲಾರದು. ರಾಶಿಯ ಹಲವು ಕಡೆಗಳಿಂದ, ಅಡಿಯಿಂದಲೂ ನಡುವಿನಿಂದಲೂ ಕಾಯಿ ತೆಗೆದು, ಚೆನ್ನಾಗಿ ಬೆರಸಿ, ನಾಲ್ಕು ಪಾಲುಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿ ಮತ್ತೆ ಬೆರಸುತ್ತ ಬೇಕಾದಷ್ಟಕ್ಕೆ ಇಳಿಸತಕ್ಕದ್ದು. ಔಷಧದ ಡಬ್ಬಿಗಳಿರುವ ಕೋಣೆಯಲ್ಲಿ ಈ ಮಾದರಿಯನ್ನು ಇಡಲೇಬಾರದು.

ಪರೀಕ್ಷೆಯು ಪೇಟೆಯವರ ಕೆಲಸ, ಊರಿಗೇಕೆ ಎನ್ನುವವರುಂಟು. ಈ ಮಾತು ಒಪ್ಪತಕ್ಕದ್ದಲ್ಲ. ಮಾಲು ಪೇಟೆಯಲ್ಲಿ ಒಂದಾದ ಮೇಲೆ ಎಚ್ಚರಿಕೆಯಿಂದ ಸಿಂಪಡಿಸಿದವನಿಗೂ ಮಿತಿಮೀರಿದವನಿಗೂ ಒಂದೇ ಧಾರಣೆ. ನಷ್ಟದಲ್ಲಿ ಮೊದಲನೆಯವನಿಗೆ ನ್ಯಾಯವೆಲ್ಲಿ? ಮಾರುವುದಕ್ಕೆ ಮುಂಚೆಯೇ ವರದಿಯು ಕೈಸೇರಿದರೆ, ಅದೂ ಕನ್ನಡದಲ್ಲಿ ಬಂದರೆ, ವಾದಿಸಲು ಅವನಿಗೊಂದು ಆಧಾರ ದೊರೆಯುವುದು. ಪರೀಕ್ಷೆಯ ಖರ್ಚು ಸಣ್ಣ ಹಿಡುವಳಿದಾರನಿಗೆ ಭಾರವೇ ಸರಿ. ಅದನ್ನು ಊರೊಟ್ಟಿನಿಂದ ಹೊರುವ ಏರ್ಪಾಟನ್ನು ಗೌಡರು ಮಾಡಬಹುದು. ಆದರೆ ಮಾದರಿಗಳನ್ನು ಮಾತ್ರ ಒಟ್ಟುಗೂಡಿಸದೆ ಹೊಲಹೊಲಕ್ಕೆ ಬೇರೆಯಾಗಿ, ಯಾವ ದಿನ ಯಾವ ಔಷಧವನ್ನು ಎಷ್ಟು ಹೊಡೆಯಲಾಯಿತೆಂಬ ಚೀಟಿಯೊಡನೆ ಕಳುಹಿಸತಕ್ಕದ್ದು.

ಟ್ರಯಜೋಫಾಸ್ ಔಷಧವು 2020ರ ಕೊನೆಗೆ ನಿಷಿದ್ಧವಾಗಿದೆ. ಹಳೆಯ ದಾಸ್ತಾನು ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ತಂದಿದ್ದರೆ, ಮುಂದಿನ ಸಿಂಪರಣೆಗೆ ಮೊದಲೇ ಅದನ್ನು ಹೊಲದಿಂದ ದೂರವಿಡಿಸತಕ್ಕದ್ದು. ಉಳಿದ ಔಷಧಗಳಲ್ಲಿಯೂ ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬುದು ಡಬ್ಬಿಯ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. ಓದಲು ಬಾರದ ರೈತರಿಗೆ ಅದನ್ನು ಗೌಡರ ಮನೆಯ ಹುಡುಗರು ಓದಿ ಹೇಳಲಿ.