ಉಳಿದುದೆಲ್ಲ ಹೆಚ್ಚಿನದಲ್ಲ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯೆಂಬ ಊರಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾಗಿದ್ದ ಬೀಡನ್ ಎಂಬವರು ಅಲ್ಲಿಯ ಬಂಡೆಯೊಂದರ ಮೇಲೆ ಅಪರಿಚಿತವಾದ ಅಕ್ಷರಗಳನ್ನು ಕಂಡರು. ಅವರ ಕೆಲಸಕ್ಕೆ ಅದರಿಂದ ಆಗಬೇಕಾದುದೇನೂ ಇರಲಿಲ್ಲ. ಆದರೂ ಆ ಗೀರುಗಳನ್ನು ಅಲಕ್ಷಿಸದೆ ಬಲ್ಲವರ ಗಮನಕ್ಕೆ ತಂದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೇ ಮೊದಲಾದ ಬಿರುದುಗಳು ಮಾತ್ರ ಇದ್ದುವು. ಅವು ಅಶೋಕನವೇ ಎಂಬುದಕ್ಕೆ ಶಾಸನದ ಸಾಕ್ಷ್ಯವನ್ನು ಒದಗಿಸಿದುದು ಮಸ್ಕಿಯ ಬಂಡೆ. ತಿಳಿಯದ ಗುರುತನ್ನು ಕಂಡಾಗ ‘ಏನೋ ಇರಬಹುದು’ ಎಂದು ಮುಂದೆ ಸಾಗದಿರುವ ಈ ಗುಣವು ವಿದ್ವಾಂಸರಿಗೆ ಮಾತ್ರವಲ್ಲ, ಮೋಟಾರು ಕಾರ್ಯಾಗಾರಗಳಿಗೂ ಅವಶ್ಯವೆಂಬುದೇ ಈ ಲೇಖನದ ಪ್ರತಿಪಾದ್ಯ.

ಈ ಸೀಮೆಯ ಎರೆಮಣ್ಣಿನ ಸ್ವಭಾವವನ್ನು ವಾಚಕರು ಬಲ್ಲರು. ನೀರು ಬಿದ್ದೊಡನೆ ಅದು ಉಬ್ಬಿ ಅಂಟಾಗುತ್ತದೆ. ಗಾಲಿಗಳು ಹೂತು, ವಾಹನದ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆದುದರಿಂದ ಜೀಪಿನ ಜಾತಿಯ ವಾಹನಗಳ ಮೈಯನ್ನು ಎರಡು ಮೂರು ಅಂಗುಲ ಮೇಲೆತ್ತುವ ‘ಲಿಫ್ಟ್ ಕಿಟ್’ ಎಂಬ ಸಾಮಗ್ರಿಗೆ ಮನಸೋಲುವವರು ಉಂಟು. ಈಚೆಗೆ ಸಿಂಧನೂರಿನ ಕಾರ್ಯಾಗಾರವೊಂದರಲ್ಲಿ ಇಂಥ ಜೋಡಣೆಯನ್ನು ನಾವು ನೋಡುತ್ತಿದ್ದೆವು. ಕೆಲಸ ಮುಗಿದ ಮೇಲೂ ಪೆಟ್ಟಿಗೆಯಲ್ಲಿ ಕೆಲವು ತುಣುಕುಗಳು ಉಳಿದುವು: ಎರಡು ಬೆಣೆಗಳು, ನಾಲ್ಕು ಗಿಡ್ಡ ಉಕ್ಕಿನ ಕೊಳವೆಗಳು, ಬಾಗಿಸಿದ ಒಂದು ತಗಡು. ‘ಇವು ಏತಕ್ಕೆ?’ ಎಂದು ಅಲ್ಲಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನು ಕೇಳಿದನು. ‘ಹೆಚ್ಚಿಗೆ ಬಂದಿವೆ, ಇಟ್ಟುಕೋ’ ಎಂಬುದು ಅವನಿಗೆ ದೊರೆತ ಉತ್ತರ.

ಪ್ರಶ್ನೆ ಸರಿಯಾದುದು, ಉತ್ತರ ಅಪಾಯಕರವಾದುದು. ಏತಕ್ಕೆಂದರೆ, ಆ ತುಣುಕುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕೆಲಸವಿದ್ದಿತು.

ಬೆಣೆಯನ್ನು ನೋಡೋಣ. ಪಟ್ಟಿ ಸ್ಪ್ರಿಂಗಿನ ಹಿಂತುದಿಗೆ ಉದ್ದವಾದ ಷ್ಯಾಕಲ್ಲನ್ನು ಹಾಕಿ ವಾಹನವನ್ನೆತ್ತಿದಾಗ ಸ್ಪ್ರಿಂಗು ಓರೆಯಾಗಿ, ಅದರೊಡನೆ ಹಿಂದಿನ ಅಚ್ಚೂ ಕೆಲವು ಡಿಗ್ರಿಗಳಷ್ಟು ತಿರುಗುತ್ತದೆ. ಗೇರುಪೆಟ್ಟಿಗೆಯಿಂದ ಅಚ್ಚಿಗೆ ಶಕ್ತಿಯನ್ನೊಯ್ಯುವ ಶಾಫ್ಟಿನ ಎರಡು ತುದಿಗಳಲ್ಲಿಯೂ ಯೂನಿವರ್ಸಲ್ ಕೀಲುಗಳಿವೆ. ಅವೆರಡರ ಕೋನಗಳು ಸಮನಾಗಿದ್ದರೆ ಒಂದು ಹುಟ್ಟಿಸುವ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ವಿಷಮವಾದರೆ ನಡುಕವುಂಟಾಗಿ ಕೀಲುಗಳು ಬೇಗ ಸವೆಯುತ್ತವೆ. ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಕೂಡುವ ಬೆಣೆಯು ಈ ಓರೆಯನ್ನು ತಿದ್ದುತ್ತದೆ. 3 ಡಿಗ್ರಿಯ ಬೆಣೆಯನ್ನು ಹಿಂದುಮುಂದಾಗಿ ಇಟ್ಟರೆ ದೋಷವು ತೊಲಗುವುದಿರಲಿ, 6 ಡಿಗ್ರಿಯಾಗುತ್ತದೆ!

ಕೊಳವೆಯ ಕೆಲಸ ಇನ್ನೂ ಸರಳ. ಅದು ಸ್ಪ್ರಿಂಗಿನ ಕಣ್ಣಿನಲ್ಲಿರುವ ಬುಶ್ಶಿನೊಳಗೆ ಕೂಡತಕ್ಕದ್ದು. ಬೋಲ್ಟನ್ನು ಬಿಗಿದಾಗ ಒತ್ತಡವನ್ನು ಹೊರುವುದು ಈ ಕೊಳವೆ. ಅದನ್ನು ಬಿಟ್ಟರೆ ಬುಶ್ಶೇ ಹಿಸುಕಿ ಬೇಗನೆ ಹಾಳಾಗುತ್ತದೆ. ಬಾಗಿದ ತಗಡಾದರೋ ಬ್ರೇಕಿನ ರಬ್ಬರು ನಳಿಕೆಯ ಮೇಲ್ತುದಿಯನ್ನು ಕೆಳಕ್ಕೆ ಇಳಿಸುವ ಬ್ರಾಕೆಟ್ಟು. ಮೈ ಮೇಲೇರಿದಷ್ಟೂ ಚಾಸಿಗೂ ಅಚ್ಚಿಗೂ ನಡುವಣ ದೂರ ಹೆಚ್ಚುತ್ತದೆ. ಆದರೆ ನಳಿಕೆ ಹಿಂದಿನಷ್ಟೇ ಉದ್ದವಿರುತ್ತದೆ. ಗಾಲಿ ಹಳ್ಳಕ್ಕಿಳಿದ ಕ್ಷಣದಲ್ಲಿ ಅದು ಸೆಳೆದು ಹರಿದರೆ ಬ್ರೇಕು ವಿಫಲವಾಗುತ್ತದೆ. ತಗಡಿನ ಬೆಲೆ ಅಲ್ಪ. ಅದು ಕಾಯುವುದು ಪ್ರಾಣವನ್ನು.

ಹಾಗಾದರೆ ಗುರುತಿಸುವ ಬಗೆ ಹೇಗೆ? ಮೊದಲು ಆಕಾರವನ್ನು ಪ್ರಶ್ನಿಸಬೇಕು. ಓರೆಯಾದುದು ಕೋನವನ್ನು ತಿದ್ದಲು, ಟೊಳ್ಳಾದುದು ಒಂದರೊಳಗೊಂದು ಕೂಡಲು, ಎರಡು ತುದಿಗಳಲ್ಲಿ ತೂತುಳ್ಳ ತಗಡು ಏನನ್ನಾದರೂ ಸ್ಥಳಾಂತರಿಸಲು ಇರುವುದೆಂದು ಊಹಿಸಬಹುದು. ಬಳಿಕ ವರ್ನಿಯರ್ ಮಾಪಕದಿಂದ ಅಳೆದು ಊಹೆಯನ್ನು ಪರೀಕ್ಷಿಸಬೇಕು. ಎಳೆಗಳ ಅಂತರವನ್ನೂ ನೋಡಬೇಕು: 8 ಮಿಲಿಮೀಟರಿನ ಸಾಮಾನ್ಯ ಬೋಲ್ಟಿನಲ್ಲಿ ಅದು 1.25 ಮಿಲಿಮೀಟರು, ಅದಕ್ಕೆ ತೀರ ಸಮೀಪವಾದ 5/16 ಅಂಗುಲದ ಅಮೆರಿಕದ ಬೋಲ್ಟಿನಲ್ಲಿ ಅಂಗುಲಕ್ಕೆ 18 ಎಳೆ, ಎಂದರೆ ಸುಮಾರು 1.41 ಮಿಲಿಮೀಟರು. ಕಣ್ಣಿಗೆ ಎರಡೂ ಒಂದೇ. ಬಲವಂತದಿಂದ ಕೂಡಿಸಿದರೆ ಎಳೆಗಳು ನಾಶವಾಗುತ್ತವೆ.

ಕೊನೆಯದಾಗಿ ಬೋಲ್ಟಿನ ತಲೆಯ ಶಾಸನವನ್ನು ಓದಬೇಕು. 8.8 ಎಂದು ಕೆತ್ತಿದ್ದರೆ, ಮೊದಲ ಅಂಕೆಯ ನೂರರಷ್ಟು, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್, ಅದರ ಎಳೆತದ ಬಲ. ಅದರ ಹತ್ತರಲ್ಲಿ 8 ಪಾಲು, ಎಂದರೆ 640 ನ್ಯೂಟನ್ ಮೀರಿದರೆ ಬೋಲ್ಟು ಹಿಗ್ಗಿ ಮರಳಿ ಮೊದಲಿನಂತಾಗದು. 10.9 ಇದ್ದಲ್ಲಿ ಈ ಸಂಖ್ಯೆಗಳು 1000 ಮತ್ತು 900. ಅಂಗುಲದ ಬೋಲ್ಟುಗಳಲ್ಲಿ ಅಂಕೆಗಳ ಬದಲು ಗೆರೆಗಳಿರುತ್ತವೆ: ಮೂರು ಗೆರೆ 5ನೆಯ ದರ್ಜೆ, ಆರು ಗೆರೆ 8ನೆಯ ದರ್ಜೆ. ಗುರುತೇ ಇಲ್ಲದ ಬೋಲ್ಟನ್ನು ಸ್ಪ್ರಿಂಗಿನ ಬಳಿಗೆ ಒಯ್ಯಲಾಗದು.

ಒಂದೇ ಪೆಟ್ಟಿಗೆ ಹಲವು ಮಾದರಿಯ ವಾಹನಗಳಿಗಾಗಿ ತಯಾರಾಗಿರುವುದುಂಟು. ಆಗ ಕೆಲವು ತುಣುಕುಗಳು ನಿಜವಾಗಿಯೂ ಉಳಿಯುತ್ತವೆ ಎಂದು ಅನುಭವಸ್ಥರು ಹೇಳಬಹುದು. ಆ ಮಾತು ಸತ್ಯ. ಆದರೆ ‘ಇದು ಇನ್ನೊಂದು ಮಾದರಿಯದು’ ಎಂದು ಪಟ್ಟಿಯನ್ನು ನೋಡಿ ಹೇಳುವುದು ಬೇರೆ, ತಿಳಿಯದುದರಿಂದ ಹಾಗೆ ಹೇಳುವುದು ಬೇರೆ. ಮೊದಲನೆಯದು ಜ್ಞಾನ, ಎರಡನೆಯದು ಆಲಸ್ಯ. ಮೇಸ್ತ್ರಿಗಳ ಕೈಚಳಕದಲ್ಲಿ ನಮಗೆ ಅಪಾರ ಗೌರವವಿದೆ. ಕೊರತೆ ಇರುವುದು ಅವರ ಕೈಗೆ ಬರುವ ವಿವರಣೆಯಲ್ಲಿ. ಕನ್ನಡ ನಾಡಿನಲ್ಲಿ ಮಾರುವ ಪೆಟ್ಟಿಗೆಯಲ್ಲಿ ಚಿತ್ರಸಹಿತವಾದ ಕನ್ನಡದ ಪಟ್ಟಿಯಿರಬೇಕೆಂದು ಕೊಳ್ಳುವವರು ಒತ್ತಾಯಿಸಬೇಕು. ಇದಕ್ಕೂ ಮೊದಲು, ವಾಹನವನ್ನು ಎತ್ತುವುದು ಸಮ್ಮತವೇ ಎಂದು ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮೂಲ ರಚನೆಯ ಮಾರ್ಪಾಡನ್ನು ನಿರ್ಬಂಧಿಸಿದೆ.

ಆ ವಿದ್ಯಾರ್ಥಿ ಉತ್ತರದಿಂದ ತೃಪ್ತನಾಗಲಿಲ್ಲ. ತುಣುಕುಗಳನ್ನು ನೆಲದ ಮೇಲೆ ಹರಡಿ, ವಾಹನದ ಕೆಳಗೆ ಬಗ್ಗಿ ಒಂದೊಂದರ ಸ್ಥಾನವನ್ನು ಹುಡುಕತೊಡಗಿದನು. ಸ್ವಲ್ಪ ಹೊತ್ತಿನಲ್ಲಿ ಮೇಸ್ತ್ರಿಯೂ ಅವನ ಪಕ್ಕದಲ್ಲಿ ಕುಳಿತರು. ಬಿಗಿದ ಬೋಲ್ಟುಗಳು ಮತ್ತೆ ಸಡಿಲಾದುವು. ವಿಜ್ಞಾನದ ಪಾಠವು ಆ ದಿನ ಅಲ್ಲಿಯೇ ನಡೆಯಿತೆಂದು ನಾವು ಭಾವಿಸುತ್ತೇವೆ.